ಬಲಕ್ಕೆ ಹದಿನಾಲ್ಕು ಸುತ್ತು

ಮೊದಲೇ ಹೇಳಿಬಿಡುತ್ತೇನೆ, ನಾನೇನೂ ಸಾಧು ಮನುಷ್ಯನಲ್ಲ. ಸಾಧುವಾಗಿದ್ದೆ, ಇಪ್ಪತ್ತೆರಡು ವರ್ಷ. ಏನು ಸಿಕ್ಕಿತು? ಶಾಲೆಯ ದೊಡ್ಡ ಕೋಣೆಯಲ್ಲಿ, ಮುನ್ನೂರು ಜನರ ಎದುರು, ಮೈಕಿನಲ್ಲಿ ಕಳ್ಳ ಅನ್ನಿಸಿಕೊಂಡೆ. ಆ ದಿನದಿಂದ ನನಗೆ ಇದ್ದದ್ದು ಒಂದೇ ಆಸೆ. ಕಳ್ಳ ಎಂದ ಆ ಬಾಯಿಯೇ, ಅಂಥದೇ ಮೈಕಿನಲ್ಲಿ, ಅದೇ ಜನರ ಎದುರು, ನನ್ನ ಅಕ್ಕನ ಕಿವಿಗೆ ಬೀಳುವ ಹಾಗೆ, 'ನಾನು ಹೇಳಿದ್ದು ಸುಳ್ಳು' ಅನ್ನಬೇಕು. ಕೆಲಸ ವಾಪಸ್ಸು ಕೊಡದಿದ್ದರೂ ಚಿಂತೆಯಿಲ್ಲ, ಆ ಒಂದು ಮಾತು ಬೇಕಿತ್ತು.

ನನ್ನ ಕೆಲಸ ನೀರು ಬಿಡುವುದು. ನಗರಸಭೆಯ ಕಾಗದದಲ್ಲಿ ವಾಲ್ವ್‌ಮನ್, ಜನರ ಬಾಯಲ್ಲಿ ನೀರಣ್ಣ. ಬೀದಿ ಬದಿಯ ಕಬ್ಬಿಣದ ಮುಚ್ಚಳ ಎತ್ತಿ, ಗುಂಡಿಯೊಳಕ್ಕೆ ಉದ್ದನೆಯ ಕೀಲಿ ಇಳಿಸಿ, ವಾಲ್ವಿನ ತಲೆಗೆ ಸಿಕ್ಕಿಸಿ ತಿರುಗಿಸಬೇಕು. ಹೇಳುವುದಕ್ಕೆ ಸುಲಭ. ನಮ್ಮ ವಾರ್ಡಿನಲ್ಲಿ ಇಂಥವು ಮೂವತ್ತೊಂದಿವೆ. ಯಾವುದಕ್ಕೆ ಎಷ್ಟು ಸುತ್ತು, ಯಾವುದಕ್ಕೆ ಕೊನೆಯ ಸುತ್ತಿನಲ್ಲಿ ಕೈ ಹಗುರ ಮಾಡಬೇಕು, ಯಾವ ಬೀದಿಗೆ ನೀರು ಮುಟ್ಟಲು ಎಷ್ಟು ನಿಮಿಷ, ಎಲ್ಲ ನನ್ನ ತಲೆಯಲ್ಲಿತ್ತು. ಕೀಲಿಯ ಹಿಡಿಗೆ ಕಿವಿ ಆನಿಸಿದರೆ ಸಾಕು, ಕೆಳಗೆ ಓಡುತ್ತಿರುವುದು ನೀರೋ ಗಾಳಿಯೋ ಹೇಳುತ್ತಿದ್ದೆ. ಕಚೇರಿಯಲ್ಲಿ ನಕ್ಷೆ ಇರಲಿಲ್ಲವೇ ಎಂದು ಕೇಳಬೇಡಿ. ಇತ್ತು. ಗೆದ್ದಲು ತಿಂದು ಬಿಟ್ಟದ್ದನ್ನು ಮಡಚಿ ಇಂಜಿನಿಯರರ ಮೇಜಿನ ಕಾಲಿನ ಕೆಳಗೆ ಇಟ್ಟಿದ್ದರು, ಮೇಜು ಅಲುಗಾಡದಿರಲಿ ಎಂದು.

ಮೂವತ್ತೊಂದರಲ್ಲಿ ಒಂದು ವಾಲ್ವು ತಿಕ್ಕಲು. ಉಳಿದವೆಲ್ಲ ಎಡಕ್ಕೆ ತಿರುಗಿಸಿದರೆ ತೆರೆಯುತ್ತವೆ, ಬಲಕ್ಕೆ ತಿರುಗಿಸಿದರೆ ಮುಚ್ಚುತ್ತವೆ. ಇದು ಉಲ್ಟಾ. ಬಲಕ್ಕೆ ಹದಿನಾಲ್ಕು ಸುತ್ತು ಹಾಕಿದರೆ ಪೂರ್ತಿ ತೆರೆಯುತ್ತದೆ, ಎಡಕ್ಕೆ ಹದಿನಾಲ್ಕು ಹಾಕಿದರೆ ಪೂರ್ತಿ ಬಂದ್. ಯಾವ ಕಾಲದಲ್ಲಿ ಯಾವ ಪುಣ್ಯಾತ್ಮ ಎಲ್ಲಿಂದ ತಂದು ಹೂತಿದ್ದನೋ. ನನಗೆ ಕೆಲಸ ಕಲಿಸಿದ ಮುದುಕ ಮೇಸ್ತ್ರಿ ಮೊದಲ ದಿನವೇ ನನ್ನ ಕೈ ಹಿಡಿದು ತಿರುಗಿಸಿ, "ಇದೊಂದನ್ನ ಮರೀಬೇಡ ಕಣೋ, ಮರೆತ್ರೆ ಮೇಲಿನವರ ಗತಿ ಮುಗೀತು" ಎಂದಿದ್ದ. ಮೇಲಿನವರು ಎಂದರೆ ದಿಬ್ಬದ ಬೀದಿಯವರು. ನೂರಾ ಹನ್ನೆರಡು ಮೆಟ್ಟಿಲು ಹತ್ತಿದರೆ ಆ ಬೀದಿ. ಅಲ್ಲಿ ಮೂರನೇ ಮನೆ ನನ್ನ ಅಕ್ಕನದು. ಅಮ್ಮ ಸತ್ತಾಗ ನನಗೆ ಆರು ವರ್ಷ, ಅಕ್ಕನಿಗೆ ಹದಿನಾರು. ನನ್ನನ್ನು ಸಾಕಿದವಳು ಅವಳು.

ಈಗ ಆ ಮಹಾನುಭಾವನ ವಿಷಯ. ನಮ್ಮ ವಾರ್ಡಿನ ಸದಸ್ಯ. ಅವನಿಗೆ ಜನ ಇಟ್ಟ ಹೆಸರು ಆಯ್ತಪ್ಪ. ರಸ್ತೆ ಗುಂಡಿ ಬಿದ್ದಿದೆ ಸಾರ್ ಎಂದರೆ "ಆಯ್ತಪ್ಪ" ಅನ್ನುತ್ತಿದ್ದ. ಬೀದಿ ದೀಪ ಇಲ್ಲ ಎಂದರೂ "ಆಯ್ತಪ್ಪ". ನಿಮ್ಮ ಮನೆಗೆ ಬೆಂಕಿ ಇಡ್ತೀನಿ ಎಂದರೂ "ಆಯ್ತಪ್ಪ" ಎಂದು ಬೆನ್ನು ತಟ್ಟಿ ಕಳಿಸುವ ಆಸಾಮಿ. ಬಾಯಿಂದ 'ಇಲ್ಲ' ಬಂದದ್ದಿಲ್ಲ, ಕೈಯಿಂದ ಕೆಲಸ ಆದದ್ದಿಲ್ಲ.

ಅವನ ಭಾಮೈದ ಮೆಟ್ಟಿಲ ಬುಡದಲ್ಲಿ ಲಾಂಡ್ರಿ ಶುರು ಮಾಡಿದ. ದೊಡ್ಡ ದೊಡ್ಡ ಯಂತ್ರಗಳು, ಆಸ್ಪತ್ರೆಗಳ ಹೊದಿಕೆ ಒಗೆಯುವುದು. ಅದಕ್ಕೆ ನೀರು ಬೇಕಲ್ಲ. ಆಯ್ತಪ್ಪ ನನ್ನನ್ನು ಕರೆಸಿ, ದಿಬ್ಬದ ಲೈನಿನಿಂದ ಲಾಂಡ್ರಿಗೆ ಅರ್ಧ ಗಂಟೆ ತಿರುಗಿಸು ಎಂದ. ನಾನು "ಆಗಲ್ಲ ಸಾರ್" ಎಂದೆ. ಪಾಪ, ಆ ಶಬ್ದವನ್ನು ಅವನು ಮೊದಲ ಸಲ ಕೇಳಿದ್ದು ಅಂತ ಕಾಣುತ್ತದೆ, ಮುಖ ಸಣ್ಣದಾಯಿತು. ನಾನು ಬಿಡದಿದ್ದರೆ ಏನು, ಭಾಮೈದ ದಿಬ್ಬದ ಪೈಪಿಗೇ ರಂಧ್ರ ಕೊರೆಸಿ ದಪ್ಪ ಕೊಳವೆ ಜೋಡಿಸಿಕೊಂಡ. ಮೇಲೆ ನೀರು ನೂಲಿನಂತಾಯಿತು. ಹೆಂಗಸರು ವಾರ್ಡಿನ ಸಭೆಗೆ ನುಗ್ಗಿದರು, ನಮ್ಮ ನೀರು ಎಲ್ಲಿಗೆ ಹೋಗ್ತಿದೆ ಹೇಳಿ ಎಂದು. ಆಯ್ತಪ್ಪ ಮೈಕು ಹಿಡಿದು ಗೋಡೆ ಬದಿ ನಿಂತಿದ್ದ ನನ್ನ ಕಡೆ ಬೆರಳು ತೋರಿಸಿದ. "ನನ್ನನ್ಯಾಕೆ ಕೇಳ್ತೀರಿ ತಾಯಂದಿರಾ? ಕೀಲಿ ಯಾರ ಕೈಲಿದೆ? ಈ ನೀರಣ್ಣನೇ ಕೈ ಬೆಚ್ಚಗೆ ಮಾಡ್ಕೊಂಡು ನಿಮ್ಮ ಪಾಲು ಮಾರಿದ್ದಾನೆ. ಇವತ್ತಿಂದ ಅವನು ಕೆಲಸದಲ್ಲಿಲ್ಲ."

ನಾನು ಬಾಯಿ ತೆರೆಯುವಷ್ಟರಲ್ಲಿ ಗದ್ದಲ ಎದ್ದಿತು. ಎರಡನೇ ಸಾಲಿನಿಂದ ಅಕ್ಕ ಎದ್ದು ನಿಂತಳು. ಅವಳು ನನ್ನ ಪರ ಮಾತಾಡುತ್ತಾಳೆ ಅಂದುಕೊಂಡೆ. "ನಾನು ಸಾಕಿದ್ದು ಕಳ್ಳನನ್ನಾ?" ಎಂದಳು. ಬೈಗುಳವಲ್ಲ, ನಿಜವಾಗಿ ಕೇಳಿದಳು. ಉತ್ತರಕ್ಕೆ ಕಾಯದೆ ಹೊರಟುಹೋದಳು. ಮರುದಿನ ನಾನು ಮೆಟ್ಟಿಲು ಹತ್ತಿ ಬಾಗಿಲು ಬಡಿದೆ. ಒಳಗೆ ಪಾತ್ರೆಯ ಸದ್ದು ಕೇಳಿಸುತ್ತಿತ್ತು, ಬಾಗಿಲು ತೆರೆಯಲಿಲ್ಲ. ಮೂರು ದಿನ ಹೋದೆ, ಮೂರು ದಿನವೂ ಅಷ್ಟೇ. ನಾಲ್ಕನೇ ದಿನದಿಂದ ನಾನು ಹೋಗಲಿಲ್ಲ.

ಹಲಗೆ ಮಂಡಿಯಲ್ಲಿ ಮರ ಹೊರುವ ಕೆಲಸಕ್ಕೆ ಸೇರಿದೆ. ನನ್ನ ಜಾಗಕ್ಕೆ ಗುತ್ತಿಗೆದಾರನ ಕಡೆಯಿಂದ ಒಬ್ಬ ಬಂದ. ಗಟ್ಟಿ ಆಳು, ಕೆಲಸದಲ್ಲಿ ಮೋಸವಿಲ್ಲ, ಆದರೆ ಅವನಿಗೆ ಹೇಳಿಕೊಡುವವರು ಯಾರು? ಅವನು ಮೊದಲ ದಿನ ಮೆಟ್ಟಿಲ ಬುಡದ ಗುಂಡಿಯ ಮುಂದೆ ನಿಂತಾಗ ನಾನು ಎದುರಿನ ಚಹಾ ಅಂಗಡಿಯಲ್ಲಿದ್ದೆ. ನನ್ನನ್ನು ತೆಗೆದ ದಿನ ಆ ವಾಲ್ವನ್ನು ನಾನು ತೆರೆದೇ ಬಿಟ್ಟು ಬಂದಿದ್ದೆ. ಅವನು ದಿಬ್ಬಕ್ಕೆ ನೀರು ಬಿಡಲು ಕೀಲಿ ಇಳಿಸಿ ಎಡಕ್ಕೆ ತಿರುಗಿಸಿದ. ಹದಿನಾಲ್ಕು ಸುತ್ತು. ಬೆವರು ಒರೆಸಿಕೊಂಡು ಹೋದ. ಒಂದು ಗಂಟೆ ಬಿಟ್ಟು ಮೇನ್ ಲೈನ್ ನಿಲ್ಲಿಸಿ ಬಂದು, ಬಲಕ್ಕೆ ಹದಿನಾಲ್ಕು ಸುತ್ತು ಹಾಕಿ ಮುಚ್ಚಳ ಮುಚ್ಚಿದ. ಅಂದರೆ ಏನಾಯಿತು? ನೀರಿದ್ದಾಗ ಮುಚ್ಚಿದ, ನೀರಿಲ್ಲದಾಗ ತೆರೆದ. ದಿನಾ ಅದೇ. ನನಗೆ ನಗು ತಡೆಯಲಾಗಲಿಲ್ಲ. ಚಹಾ ಮೂಗಿಗೇರಿತು. ಮೇಲೆ ನಲ್ಲಿಯಲ್ಲಿ ಮೊದಲು ನೂಲಿನಷ್ಟಾದರೂ ಬರುತ್ತಿತ್ತು, ಈಗ ಅದೂ ನಿಂತಿತು.

ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಯಾಕೆ ಹೇಳಲಿ? ನಾನು ಕಳ್ಳನಲ್ಲವೇ? ಕಳ್ಳನನ್ನು ತೆಗೆದರಲ್ಲ, ಈಗ ಕುಡಿಯಿರಿ ಹೊಟ್ಟೆ ತುಂಬ. ಇಂಜಿನಿಯರ್ ಬಂದು ನೋಡಿ, ಎತ್ತರ ಜಾಸ್ತಿ, ಮೋಟರು ಕೂಡಿಸಬೇಕು ಎಂದು ಬರೆದರು. ಆ ಕಾಗದ ಮೇಜಿನಿಂದ ಮೇಜಿಗೆ ಕುಂಟುತ್ತಾ ಹೊರಟಿತು. ಮೂರು ತಿಂಗಳಾದ ಮೇಲೆ ಲಾಂಡ್ರಿಯೂ ಮುಚ್ಚಿತು, ಭಾಮೈದ ಯಂತ್ರ ಹೇರಿಕೊಂಡು ಬೇರೆ ಕಡೆ ಹೋದ, ಕೊರೆದ ರಂಧ್ರಕ್ಕೆ ಬಿರಡೆ ಹಾಕಿದರು. ಇನ್ನು ದಿಬ್ಬಕ್ಕೂ ನೀರಿಗೂ ನಡುವೆ ಆ ಒಂದು ವಾಲ್ವು ಬಿಟ್ಟರೆ ಏನೂ ಇರಲಿಲ್ಲ. ದಿಬ್ಬದ ಹೆಂಗಸರು ಕೆಳಗಿನ ನಲ್ಲಿಯಿಂದ ಕೊಡ ಹೊತ್ತು ನೂರಾ ಹನ್ನೆರಡು ಮೆಟ್ಟಿಲು ಹತ್ತುತ್ತಿದ್ದರು. ಹತ್ತುವಾಗ ಆಯ್ತಪ್ಪನ ವಂಶವನ್ನೇ ಜಾಲಾಡುತ್ತಿದ್ದರು. ಆ ಬೈಗುಳ ಕೇಳಿ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು.

ನನ್ನ ಹೆಂಡತಿಯದು ಬೇರೆ ರಾಗ. ವಾಲ್ವಿನ ಗುಟ್ಟನ್ನು ನಾನು ಹೇಳಿದ್ದು ಅವಳೊಬ್ಬಳಿಗೆ. ಅವಳು ದಿನಾ ಸಂಜೆ ಹೋಗಿ ಅಕ್ಕನಿಗೆ ಎರಡು ಕೊಡ ಹೊತ್ತು ಕೊಟ್ಟು ಬರುತ್ತಿದ್ದಳು.

"ನಿಮ್ಮಕ್ಕನ ಮಂಡಿ ಬಾತು ಹೋಗಿದೆ ರೀ. ಕೂತ್ರೆ ಏಳಕ್ಕಾಗಲ್ಲ. ಆದ್ರೂ ಬೆಳಿಗ್ಗೆ ಮೂರು ಕೊಡ ಅವರೇ ಹೊರ್ತಾರೆ."

"ನನಗ್ಯಾಕೆ ಹೇಳ್ತಿ? ಆಯ್ತಪ್ಪನಿಗೆ ಹೇಳು."

"ವಾಲ್ವಿನ ವಿಷಯ ಗೊತ್ತಿರೋದು ಆಯ್ತಪ್ಪನಿಗಲ್ಲ, ನಿಮಗೆ."

"ಅವಳು ಬಂದು ಒಂದು ಮಾತು ಕೇಳ್ಲಿ, ಹೇಳ್ತೀನಿ."

"ಅವರಿಗೆ ಗೊತ್ತೇ ಇಲ್ವಲ್ಲ, ಏನಂತ ಕೇಳ್ತಾರೆ?" ಎಂದಳು. "ನಾನೇ ಹೇಳ್ಬಿಡ್ತೀನಿ."

"ಹೇಳಿದ್ರೆ ನಿನ್ನ ತವರಿಗೆ ದಾರಿ ಗೊತ್ತಲ್ಲ" ಎಂದೆ. ಅಂಥ ಮಾತು ನಾನು ಯಾವತ್ತೂ ಆಡಿರಲಿಲ್ಲ. ಅವಳು ಖಾಲಿ ಕೊಡವನ್ನು ನೆಲಕ್ಕೆ ಕುಕ್ಕಿ ಒಳಗೆ ಹೋದಳು, ಎರಡು ದಿನ ಮಾತು ಬಿಟ್ಟಳು. ಸಂಕಟ ನನಗೂ ಆಗುತ್ತಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಸಂಕಟವಾದಾಗೆಲ್ಲ 'ನಾನು ಸಾಕಿದ್ದು ಕಳ್ಳನನ್ನಾ' ಎಂಬ ಮಾತು ನೆನಪಾಗುತ್ತಿತ್ತು, ಮನಸ್ಸು ಮತ್ತೆ ಕಲ್ಲಾಗುತ್ತಿತ್ತು.

ಅಷ್ಟರಲ್ಲಿ ಚುನಾವಣೆ ಬಂತು. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ಹೋದ ಸಲ ಆಯ್ತಪ್ಪ ಗೆದ್ದದ್ದು ಅರವತ್ತು ಮತದಿಂದ. ದಿಬ್ಬದಲ್ಲಿರುವುದು ನಾನೂರು ಮತ. ಕೈ ಮುಗಿದುಕೊಂಡು ಮೆಟ್ಟಿಲು ಹತ್ತಿದನಂತೆ. ಅಲ್ಲಿ ಆದದ್ದನ್ನು ಹೆಂಡತಿ ಬಂದು ಹೇಳಿದಳು. ಅಕ್ಕನೇ ಎಲ್ಲರ ಪರವಾಗಿ ಮಾತಾಡಿದಳಂತೆ.

"ಸಾರ್, ನಿಮ್ಮ ಎದುರು ನಿಂತಿರೋರು ಬಂದು ಸೀರೆ ಕೊಡ್ತೀನಿ ಅಂದ್ರು, ನೀವು ಸಮುದಾಯ ಭವನ ಅಂತೀರಿ. ನಮಗೆ ಅದ್ಯಾವುದೂ ಬೇಡ. ನೀರು ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಹೊತ್ತು, ಯಾರು ಬಿಡ್ತಾರೆ, ಬಿಡದಿದ್ರೆ ಯಾರನ್ನ ಕೇಳ್ಬೇಕು, ಅಷ್ಟು ಹೇಳಿ."

"ಆಯ್ತಮ್ಮ, ಆಯ್ತಮ್ಮ."

"ಆಯ್ತು ಅನ್ನೋದನ್ನ ಐದು ವರ್ಷದಿಂದ ಕೇಳಿದೀವಿ. ಆಗಲ್ಲ ಅಂತಾದ್ರೂ ಒಂದು ಸಲ ಹೇಳಿ. ನಂಬ್ತೀವಿ."

ಎಲ್ಲರೂ ನಕ್ಕರಂತೆ. ಆಯ್ತಪ್ಪನೂ ನಕ್ಕನಂತೆ, ಆದರೆ ಇಳಿಯುವಾಗ ಬೆವರುತ್ತಿದ್ದನಂತೆ. ಮರುದಿನ ಸಂಜೆ ಅವನು ನನ್ನ ಮನೆ ಬಾಗಿಲಲ್ಲಿದ್ದ. ಹಿಂಬಾಲಕರನ್ನು ಹೊರಗೇ ನಿಲ್ಲಿಸಿ ಒಬ್ಬನೇ ಒಳಗೆ ಬಂದು, ಹೇಳದೆಯೇ ಕುರ್ಚಿಯಲ್ಲಿ ಕೂತ. ಒಳಗೆ ಚಹಾ ಕುದಿಯುವ ವಾಸನೆ ಬರುತ್ತಿದ್ದರೂ ಹೆಂಡತಿ ಬಾಗಿಲಿಗೆ ಬಂದು "ಚಹಾ ಪುಡಿ ಮುಗಿದಿದೆ" ಎಂದಳು. ಆ ಹೊತ್ತಿಗೆ ಅವಳ ಮೇಲೆ ನನಗೆ ಎಲ್ಲಿಲ್ಲದ ಪ್ರೀತಿ ಬಂತು.

"ನೀರಣ್ಣ, ಹಳೇದೆಲ್ಲ ಮರೆತುಬಿಡು. ದಿಬ್ಬಕ್ಕೆ ನೀರು ಹತ್ತಬೇಕು. ಇಂಜಿನಿಯರ್ ಮೋಟರು ಅಂತಾರೆ, ಅದು ಬರೋಷ್ಟರಲ್ಲಿ ಚುನಾವಣೆ ಮುಗಿದಿರುತ್ತೆ. ನಿನ್ನ ಕಾಲದಲ್ಲಿ ಹೇಗೆ ಹತ್ತುತ್ತಿತ್ತು?"

"ನೀರಿಗೆ ನನ್ನ ಮೇಲೆ ಪ್ರೀತಿ, ಹತ್ತುತ್ತಿತ್ತು."

"ತಮಾಷೆ ಬೇಡಪ್ಪ. ವಾಲ್ವು ಕೆಟ್ಟಿದೆಯಾ?"

ಇಲ್ಲಿ ನಾನು ತೆಪ್ಪಗಿರಬೇಕಿತ್ತು. ಆದರೆ ಒಂಬತ್ತು ತಿಂಗಳು ಒಬ್ಬನೇ ನಕ್ಕು ನಕ್ಕು ಸಾಕಾಗಿತ್ತು, ಅವನ ಮುಖಕ್ಕೇ ನಗಬೇಕು ಅನ್ನಿಸಿತು. "ಕೆಟ್ಟೂ ಇಲ್ಲ, ಕುಲಗೆಟ್ಟೂ ಇಲ್ಲ ಸಾರ್. ಅದನ್ನ ತಿರುಗಿಸೋಕೆ ನಿಮ್ಮವನಿಗೆ ಬರಲ್ಲ ಅಷ್ಟೇ. ನನಗೆ ಮೊದಲ ದಿನದಿಂದ ಗೊತ್ತು. ಎದುರಿಗೆ ಕೂತು ಚಹಾ ಕುಡೀತಾ ನೋಡ್ತಿದ್ದೆ. ಎರಡು ನಿಮಿಷದ ಕೆಲಸ."

ಅವನು ನನ್ನನ್ನೇ ನೋಡಿದ. "ನಿನಗೇನು ಬೇಕು?" ಎಂದ.

"ಮೇಲೆ ಸಭೆ ಮಾಡಿ. ಮೈಕು ಹಾಕ್ಸಿ. ನಾನು ಕೆಳಗೆ ಗುಂಡಿ ಹತ್ರ ಕೀಲಿ ಹಿಡ್ಕೊಂಡು ನಿಂತಿರ್ತೀನಿ. ನನ್ನಕ್ಕ ಎದುರಿಗೆ ಕೂತಿರೋವಾಗ ನೀವು ಮೈಕಲ್ಲಿ ಹೇಳ್ಬೇಕು, ನಾನು ಆವತ್ತು ಹೇಳಿದ್ದು ಸುಳ್ಳು, ನೀರಣ್ಣ ಕಳ್ಳ ಅಲ್ಲ ಅಂತ. ಆ ಮಾತು ನನ್ನ ಕಿವಿಗೆ ಬಿದ್ದ ಮೇಲೆ ನೀರು. ಮೊದಲಲ್ಲ."

"ಆಯ್ತಪ್ಪ, ಆಯ್ತಪ್ಪ" ಎಂದು ಎದ್ದ.

ಆ 'ಆಯ್ತಪ್ಪ'ದ ಬೆಲೆ ನನಗೆ ಗೊತ್ತಿಲ್ಲವೇ? ಅದಕ್ಕೇ ಕೀಲಿಯನ್ನು ನನ್ನ ಕೈಯಲ್ಲೇ ಇಟ್ಟುಕೊಂಡದ್ದು. ಮೂಗು ಹಿಡಿದರೆ ಬಾಯಿ ತಾನಾಗಿ ತೆರೆಯುತ್ತದೆ.

ಸಭೆ ಭಾನುವಾರ ಸಂಜೆ ಐದಕ್ಕೆ. ಹೆಂಡತಿಯನ್ನು ಮೊದಲೇ ಮೇಲೆ ಕಳಿಸಿ, ಅಕ್ಕನ ಪಕ್ಕದಲ್ಲೇ ಕೂರಲು ಹೇಳಿದ್ದೆ. ಫೋನು ಚಾಲೂ ಇಡು, ಆ ಮಾತು ಬಿದ್ದಾಗ ಅಕ್ಕನ ಮುಖ ಹೇಗಿತ್ತು ನನಗೆ ಹೇಳಬೇಕು ಎಂದಿದ್ದೆ. ನಾನು ಒಗೆದ ಅಂಗಿ ಹಾಕಿಕೊಂಡು, ಗಡ್ಡ ತೆಗೆಸಿಕೊಂಡು, ಮೆಟ್ಟಿಲ ಬುಡದ ಗುಂಡಿಯ ಮುಂದೆ ನಿಂತೆ. ಗುತ್ತಿಗೆಯವನು ನಾಲ್ಕೂವರೆಗೇ ಮೇನ್ ಲೈನ್ ತೆರೆದು, ತನ್ನ ರೂಢಿಯಂತೆ ದಿಬ್ಬದ ವಾಲ್ವನ್ನು ಎಡಕ್ಕೆ ತಿರುಗಿಸಿ, "ಅಣ್ಣ, ನಾನು ಬಿಟ್ಟಾಯ್ತು, ಇನ್ನು ನೀವು ನೋಡ್ಕೊಳ್ಳಿ" ಎಂದು ಪಕ್ಕಕ್ಕೆ ಸರಿದ. ಕೀಲಿ ಇಳಿಸಿ ಹಿಡಿಗೆ ಕಿವಿ ಕೊಟ್ಟೆ. ನೀರು ವಾಲ್ವಿನ ಈಚೆಗೆ ಬಂದು ಒತ್ತಿಕೊಂಡು ನಿಂತಿತ್ತು, ಕಬ್ಬಿಣ ಸಣ್ಣಗೆ ನಡುಗುತ್ತಿತ್ತು.

ಮೈಕು ಗಂಟಲು ಸರಿಮಾಡಿಕೊಂಡಿತು. ಆಯ್ತಪ್ಪ ಶುರು ಮಾಡಿದ. ತಾಯಂದಿರೇ, ಅಕ್ಕತಂಗಿಯರೇ, ಈ ದಿಬ್ಬದ ಮೇಲೆ ನನಗಿರುವ ಪ್ರೀತಿ, ನನ್ನ ಹೋರಾಟ, ನನ್ನ ನಿದ್ದೆಗೆಟ್ಟ ದಿನಗಳು. ಅಂಗೈಯಲ್ಲಿ ಆಕಾಶ ತೋರಿಸುವುದನ್ನು ಅವನಿಂದ ಕಲಿಯಬೇಕು. ಇಪ್ಪತ್ತು ನಿಮಿಷ ಕಳೆಯಿತು. ನನ್ನ ಹೆಸರಿಲ್ಲ. "ಈಗ ನಿಮ್ಮ ಕಣ್ಣೆದುರೇ ಗಂಗೆ ಬರ್ತಾಳೆ ನೋಡಿ" ಎಂದ. ಚಪ್ಪಾಳೆ ಕೇಳಿಸಿತು.

"ನಲ್ಲಿ ತಿರುಗಿಸಿದ್ರು ರೀ" ಎಂದಳು ಹೆಂಡತಿ ಫೋನಿನಲ್ಲಿ, ಮೆಲ್ಲಗೆ. "ಬುಸ್ ಅಂತು ಅಷ್ಟೇ. ಫೋಟೋ ತೆಗೆಯೋನು ಕ್ಯಾಮೆರಾ ಎತ್ಕೊಂಡು ಹಾಗೇ ನಿಂತಿದ್ದಾನೆ."

ನನಗೆ ಕುಣಿಯಬೇಕು ಅನ್ನಿಸಿತು. ನಲ್ಲಿ ಮತ್ತೆ ತಿರುಗಿಸಿದರು, ಮತ್ತೆ ಬುಸ್. ಹೆಂಗಸರ ಗಲಾಟೆ ಮೈಕಿಲ್ಲದೆಯೇ ಕೆಳಗಿನ ತನಕ ಕೇಳುತ್ತಿತ್ತು. ಆಯ್ತಪ್ಪನ ಹಿಂಬಾಲಕ ಮೆಟ್ಟಿಲು ಇಳಿದು ಓಡಿ ಬಂದ. "ಯಜಮಾನ್ರೇ, ಬಿಡಿ ಅಂತಿದ್ದಾರೆ ಸಾಹೇಬ್ರು."

"ನಾನು ಮೈಕು ಕೇಳ್ತಿದ್ದೀನಿ ಅಂತ ಹೇಳು ಹೋಗು" ಎಂದೆ.

ಅವನು ಏದುಸಿರು ಬಿಡುತ್ತಾ ಮೇಲೆ ಹೋದ. ಸ್ವಲ್ಪ ಹೊತ್ತಿಗೆ ಮೈಕಿನಲ್ಲಿ, "ಹಿಂದೆ ನಮ್ಮ ನೀರಣ್ಣನ ವಿಷಯದಲ್ಲಿ ಒಂದು ಸಣ್ಣ ತಪ್ಪು ತಿಳುವಳಿಕೆ ಆಗಿತ್ತು" ಎಂದು ಬಂತು. ಸಣ್ಣ ತಪ್ಪು ತಿಳುವಳಿಕೆ! ನಾನು ಕೀಲಿಯ ಮೇಲೆ ಕೈಯಿಟ್ಟುಕೊಂಡು ಆಕಾಶ ನೋಡಿದೆ. ನಲ್ಲಿ ಮತ್ತೊಮ್ಮೆ ಬುಸ್ ಅಂದಿತಂತೆ. ಈಗ ಯಾರೋ ಕುರ್ಚಿ ಎತ್ತಿ ಎಸೆದರಂತೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಒದ್ದಾಡು ಮಗನೇ, ಎಂದೆ ಜೋರಾಗಿ. ಚಹಾ ಅಂಗಡಿಯವನು ತಿರುಗಿ ನೋಡಿದ.

ಆಮೇಲೆ ಮೈಕು ಸುಮ್ಮನಾಯಿತು. ಗಲಾಟೆಯೂ ಇಳಿಯಿತು. ಆಯ್ತಪ್ಪ ಮತ್ತೆ ಮಾತಾಡಿದಾಗ ದನಿಯಲ್ಲಿ ಆ ಎಣ್ಣೆ ಇರಲಿಲ್ಲ.

"ಸರಿ. ಸತ್ಯ ಬೇಕಂತೆ, ಹೇಳಿಬಿಡ್ತೀನಿ. ಒಂಬತ್ತು ತಿಂಗಳ ಹಿಂದೆ ಶಾಲೇಲಿ ನಾನು ಹೇಳಿದ್ದು ಸುಳ್ಳು. ನೀರಣ್ಣ ನಿಮ್ಮ ನೀರು ಮಾರಿರಲಿಲ್ಲ. ನನ್ನ ಭಾಮೈದನ ಲಾಂಡ್ರಿ ಎಳ್ಕೊಳ್ತಿತ್ತು. ನನ್ನ ತಲೆ ಉಳಿಸ್ಕೊಳ್ಳೋಕೆ ಅವನ ತಲೆಗೆ ಕಟ್ಟಿದೆ. ಅವನು ಕಳ್ಳ ಅಲ್ಲ."

ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ. ಆ ಕ್ಷಣವೇ ತಿರುಗಿಸಬೇಕಿತ್ತು. ಹಾಳು ಆಸೆ ನೋಡಿ, ಇನ್ನೊಂದು ಸಲ ಹೇಳಲಿ, ಕೇಳೋಣ ಅನ್ನಿಸಿತು. ಕೈ ಕೀಲಿಯ ಮೇಲೆ ಹಾಗೇ ಇತ್ತು.

"ಪೂರ್ತಿ ಕೇಳಿ" ಎಂದ ಆಯ್ತಪ್ಪ. "ಲಾಂಡ್ರಿ ಹೋಗಿ ಆರು ತಿಂಗಳಾಯ್ತು. ಆಮೇಲೂ ನಿಮಗೆ ನೀರು ಯಾಕೆ ಬರ್ಲಿಲ್ಲ? ವಾಲ್ವು ಕೆಟ್ಟಿಲ್ಲ. ಅದನ್ನ ತಿರುಗಿಸೋ ರೀತಿ ಬೇರೆಯಂತೆ. ನೀರಣ್ಣನಿಗೆ ಮೊದಲ ದಿನದಿಂದ ಗೊತ್ತಂತೆ. ಎರಡು ನಿಮಿಷದ ಕೆಲಸವಂತೆ. ನೀವು ಕೊಡ ಹೊತ್ಕೊಂಡು ಹತ್ತುತ್ತಿದ್ದಾಗ ಎದುರಿಗೆ ಕೂತು ಚಹಾ ಕುಡೀತಿದ್ದನಂತೆ. ನಾನು ಹೇಳ್ತಿರೋದಲ್ಲ, ಅವನೇ ಅವನ ಮನೇಲಿ ನಗ್ತಾ ಹೇಳಿದ. ಈಗಲೂ ಕೆಳಗೆ ಕೀಲಿ ಹಿಡ್ಕೊಂಡು ನಿಂತಿದ್ದಾನೆ, ನನ್ನ ಬಾಯಿಂದ ಈ ಮಾತು ಬರ್ಲಿ ಅಂತ. ನಾನು ಸುಳ್ಳ, ಒಪ್ಕೊಂಡೆ. ಅವನೇನು ಅಂತ ನೀವೇ ಹೇಳಿ."

ಐದು ವರ್ಷದಲ್ಲಿ ಆ ಬಡ್ಡಿಮಗ ಒಂದೇ ಒಂದು ಸಲ ಸತ್ಯ ಹೇಳಿದ್ದ, ಅದೂ ನಾನೇ ಕೇಳಿ ಪಡೆದದ್ದು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ.

"ಅಕ್ಕ ಏನಂದ್ಲು?" ಎಂದೆ ಫೋನಿಗೆ. "ಏಯ್, ಕೇಳಿಸ್ತಾ? ಅಕ್ಕ ಏನಂದ್ಲೇ?"

"ಮೊದಲು ನೀರು ಬಿಡಿ" ಎಂದಳು ಹೆಂಡತಿ. "ಆಮೇಲೆ ಮೇಲೆ ಬನ್ನಿ." ಫೋನು ಇಟ್ಟಳು.

ಬಲಕ್ಕೆ ತಿರುಗಿಸಿದೆ. ಒಂದು, ಎರಡು, ಮೂರು. ಇಪ್ಪತ್ತೆರಡು ವರ್ಷ ಕಣ್ಣುಮುಚ್ಚಿ ತಿರುಗಿಸಿದ ಕೈ, ಏಳನೇ ಸುತ್ತಿಗೆ ಲೆಕ್ಕ ತಪ್ಪಿತು. ಮತ್ತೆ ಹಿಂದಕ್ಕೆ ಬಂದು ಎಣಿಸಿಕೊಂಡು ಹದಿನಾಲ್ಕು ಮುಗಿಸಿದೆ. ಪಕ್ಕದಲ್ಲಿದ್ದ ಗುತ್ತಿಗೆಯವನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. "ಬಲಕ್ಕಾ ಅಣ್ಣ? ಬಲಕ್ಕಾ?" ಎಂದ. "ನನ್ನನ್ನ ಎಷ್ಟು ಬೈದ್ರು ಗೊತ್ತಾ ಅಣ್ಣ ಮೇಲಿನವರು. ನನಗೊಂದು ಮಾತು ಹೇಳಬಾರದಿತ್ತಾ?" ಕೀಲಿ ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತತೊಡಗಿದೆ.

ಹತ್ತುವಾಗ ಮನಸ್ಸಿನಲ್ಲೇ ಉತ್ತರ ಸಿದ್ಧ ಮಾಡಿಕೊಳ್ಳುತ್ತಿದ್ದೆ. ನನ್ನ ಮಾನ ಹೋಗಿತ್ತು. ಯಾರಾದರೂ ಒಬ್ಬರು ನನ್ನನ್ನು ಕೇಳಿದ್ದರೇ? ನನಗಾದ ಅನ್ಯಾಯದ ಮುಂದೆ ನಾಲ್ಕು ಕೊಡ ನೀರು ಯಾವ ಲೆಕ್ಕ? ನಲವತ್ತನೇ ಮೆಟ್ಟಿಲಿಗೆ ಏದುಸಿರು ಹತ್ತಿತು. ಹೆಗಲ ಮೇಲಿದ್ದದ್ದು ಬರೀ ಒಂದು ಕಬ್ಬಿಣದ ಸಲಾಕೆ. ಎಪ್ಪತ್ತಕ್ಕೆ ಕೂತುಬಿಟ್ಟೆ. ಅಲ್ಲೇ ಪಕ್ಕದ ಗೋಡೆಯಲ್ಲಿ, ಕೂತವರು 'ಉಶ್' ಎಂದು ತಲೆ ಒರಗಿಸಿ ಒರಗಿಸಿ ಎಣ್ಣೆ ಹಿಡಿದ ಕಲೆ ಇತ್ತು. ಮೊದಲು ಅದು ಇರಲಿಲ್ಲ.

ಮೇಲೆ ನೀರು ಜೋರಾಗಿ ಬರುತ್ತಿತ್ತು. ಜೈಕಾರವಿಲ್ಲ, ಚಪ್ಪಾಳೆಯಿಲ್ಲ, ಹೆಂಗಸರು ಸಾಲಾಗಿ ಕೊಡ ತುಂಬಿಸಿಕೊಳ್ಳುತ್ತಿದ್ದರು. ಯಾರೂ ನನ್ನನ್ನು ಬೈಯಲಿಲ್ಲ, ದಾರಿ ಬಿಟ್ಟರು. ಬೈದಿದ್ದರೆ ಚೆನ್ನಾಗಿತ್ತು. ಆಯ್ತಪ್ಪ ಮೈಕಿನ ಪಕ್ಕ ಮುಖ ಒರೆಸಿಕೊಳ್ಳುತ್ತಾ ನಿಂತಿದ್ದ. ನನ್ನನ್ನು ನೋಡಿ, ಈಗ ನಾವಿಬ್ಬರೂ ಒಂದೇ ದೋಣಿಯವರು ಅನ್ನುವ ಹಾಗೆ ತಲೆಯಾಡಿಸಿದ. ಮುಂದೆ ಅವನು ಸೋತ. ದಿಬ್ಬದಿಂದ ಅವನಿಗೆ ಬಿದ್ದದ್ದು ಹನ್ನೊಂದು ಮತ. ಆ ಸುದ್ದಿ ಕೇಳಿದ ದಿನ ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ.

ಅಕ್ಕ ಕುರ್ಚಿಯಲ್ಲಿ ಕೂತಿದ್ದಳು, ಕಾಲು ಚಾಚಿಕೊಂಡು. ಒಂಬತ್ತು ತಿಂಗಳ ಮೇಲೆ ಅವಳನ್ನು ಹತ್ತಿರದಿಂದ ನೋಡಿದ್ದು. ಮಂಡಿಗೆ ಬಟ್ಟೆ ಸುತ್ತಿತ್ತು.

"ಕೇಳಿಸ್ತಾ ಅಕ್ಕ?" ಎಂದೆ. "ನಾನು ಕಳ್ಳ ಅಲ್ಲ."

"ಕೇಳಿಸ್ತು. ಆವತ್ತು ಅವರ ಮಾತು ನಂಬಿದ್ದು ನನ್ನ ತಪ್ಪು. ಬಾಗಿಲು ತೆಗೀದೆ ಇದ್ದದ್ದೂ ತಪ್ಪು." ಅವಳು ನನ್ನ ಕೈಹಿಡಿದಳು. ಒಂದು ಕ್ಷಣ ಎಲ್ಲ ಸರಿಹೋಯಿತು ಅಂದುಕೊಂಡೆ. "ಎರಡು ನಿಮಿಷವಾ?" ಎಂದಳು.

"ಏನು?"

"ನೀರು ಬಿಡೋಕೆ. ಎರಡೇ ನಿಮಿಷವಾ?"

"ಹೂಂ."

"ನಿನಗೆ ಗೊತ್ತಿತ್ತು."

"ಅಕ್ಕ, ನೀನು ಸಭೇಲಿ ಅಷ್ಟು ಜನರೆದುರು..."

"ನಿನಗೆ ಗೊತ್ತಿತ್ತಾ ಇಲ್ವಾ?"

"ಗೊತ್ತಿತ್ತು."

ಅವಳು ಕೈಬಿಟ್ಟಳು. "ಎರಡು ಕೋಣ ಗುದ್ದಾಡಿ ಗಿಡ ಮುರಿದ್ವು. ಇರ್ಲಿ. ಒಂದು ಮಾತು ಹೇಳು. ಆವತ್ತು ಅವರು ಕಳ್ಳ ಅಂದಾಗ ಅದು ಸುಳ್ಳಾಗಿತ್ತು. ನಾಳೆ ಬೆಳಿಗ್ಗೆ ಈ ಬೀದೀಲಿ ಯಾರಾದ್ರೂ ಬಂದು, ನಿನ್ನ ತಮ್ಮ ಆರು ತಿಂಗಳು ನಮ್ಮ ನೀರು ತಡೆದ ಅಂದ್ರೆ, ಏನಂತ ಉತ್ತರ ಕೊಡ್ಲಿ? ಸುಳ್ಳು ಅನ್ಲಾ?"

ನಾನು ಹೆಂಡತಿಯ ಮುಖ ನೋಡಿದೆ. ಅವಳು ಬೇರೆ ಕಡೆ ನೋಡುತ್ತಿದ್ದಳು.

ಆಯ್ತಪ್ಪ ನಡುವೆ ಬಾಯಿ ಹಾಕಿದ. "ಆಯ್ತಮ್ಮ, ಆದದ್ದಾಯ್ತು. ಇನ್ನು ಮುಂದೆ ದಿನಾ ನೀರು ಬರೋ ಹಾಗೆ ನಾನೇ ನಿಂತು..."

"ನೀವು ನಿಲ್ಲೋದು ಬೇಡ ಸಾರ್, ಇವನು ನಿಲ್ಲೋದೂ ಬೇಡ" ಎಂದಳು ಅಕ್ಕ. "ನಮಗೆ ನಿಮ್ಮ ಪ್ರೀತಿನೂ ಬೇಡ, ಇವನ ಸಿಟ್ಟೂ ಬೇಡ. ನಿಮ್ಮಿಬ್ಬರಲ್ಲಿ ಯಾರು ಸತ್ರೂ ಬದುಕಿದ್ರೂ ಐದು ಗಂಟೆಗೆ ನೀರು ಬರ್ಬೇಕು. ಅಷ್ಟೇ ನಮಗೆ ಬೇಕಾದ್ದು."

ನಲ್ಲಿಯ ಹಿಂದಿನ ಗೋಡೆಗೆ ಆಯ್ತಪ್ಪನ ಕಡೆಯವರು ಘೋಷಣೆ ಬರೆಯಲೆಂದು ಸುಣ್ಣ ಹೊಡೆಸಿದ್ದರು. ನೀಲಿ ಬಣ್ಣದ ಡಬ್ಬಿ, ಕುಂಚ ಅಲ್ಲೇ ಇದ್ದವು. ಪಕ್ಕದ ಮನೆಯಾಕೆ ಅವನ್ನು ತಂದು ನನ್ನ ಮುಂದೆ ಇಟ್ಟಳು.

"ಬರಿ" ಎಂದಳು ಅಕ್ಕ. "ಈ ಬೀದಿ ನೀರಿನ ಬಗ್ಗೆ ನಿನ್ನ ತಲೇಲಿರೋದೆಲ್ಲ ಗೋಡೆ ಮೇಲೆ ಬರಿ. ಯಾವ ಗುಂಡಿ, ಯಾವ ಕಡೆ, ಎಷ್ಟು ಸುತ್ತು, ಎಷ್ಟು ಹೊತ್ತು. ಓದೋಕೆ ಬರೋ ಯಾರು ಬೇಕಾದ್ರೂ ತಿರುಗಿಸೋ ಹಾಗೆ ಬರಿ."

ಬರೆದೆ. ಮೆಟ್ಟಿಲ ಬುಡದ ಗುಂಡಿ. ತೆರೆಯಲು ಬಲಕ್ಕೆ ಹದಿನಾಲ್ಕು. ಮುಚ್ಚಲು ಎಡಕ್ಕೆ ಹದಿನಾಲ್ಕು. ಮೇನ್ ಲೈನ್ ತೆರೆದ ಮೇಲೆ ಒಂದು ಗಂಟೆ. ಇಪ್ಪತ್ತೆರಡು ವರ್ಷ ನನ್ನೊಬ್ಬನದಾಗಿದ್ದದ್ದು ನಾಲ್ಕು ಸಾಲಿಗೆ ಮುಗಿದುಹೋಯಿತು. ಹಿಂದಿನಿಂದ ಒಬ್ಬಾಕೆ ಒಂದೊಂದೇ ಸಾಲನ್ನು ಜೋರಾಗಿ ಓದುತ್ತಿದ್ದಳು, ಉಳಿದವರು ಬಾಯಿಪಾಠ ಮಾಡಿಕೊಳ್ಳುತ್ತಿದ್ದರು. ಕೊನೆಯ ಸಾಲು ಮುಗಿಸಿ, ಕುಂಚವನ್ನು ಮತ್ತೆ ಬಣ್ಣದಲ್ಲಿ ಅದ್ದಿ, ಕೆಳಗೆ ನನ್ನ ಹೆಸರು ಬರೆಯಹೋದೆ.

"ಹೆಸರು ಬೇಡ" ಎಂದಳು ಅಕ್ಕ.